ಮೂರು ಪಟ್ಟು ವೇಗದ ಸುದ್ದಿ

ಕಾಂಜೂರ್‌ಮಾರ್ಗ್ ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಿರುವಾಗ ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಇಂಗ್ಲಿಷ್ ವಾಣಿಜ್ಯ ಪತ್ರಿಕೆಯೊಂದರ ಪುಟ ಅದು. ನಮ್ಮ ಕಂಪನಿಯ ಹೆಸರಿಗೆ ಯಾರೋ ಕೆಂಪು ಗೆರೆ ಎಳೆದಿದ್ದರು, ಕೆಳಗೆ ಚಪ್ಪಾಳೆಗಳ ಸಾಲು. ಪವಾಯಿಗೆ ಹೋಗುವ ಶೇರ್ ರಿಕ್ಷಾದಲ್ಲಿ ಇಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತು ಪುಟವನ್ನು ದೊಡ್ಡದು ಮಾಡಿ ಓದಿದೆ.

ಆಸ್ಪತ್ರೆಗಳಿಗೆ ಸ್ಟೋರೇಜ್ ಯಂತ್ರ ಒದಗಿಸುವ ಪೈಪೋಟಿಯಲ್ಲಿ ಪವಾಯಿಯ ಕಂಪನಿ ಮುಂದೆ ಬಂದಿದೆ, ಅದರ ಹೊಸ ಯಂತ್ರ ವಡಾಲದ ಎದುರಾಳಿ ಸಂಸ್ಥೆಯ ಯಂತ್ರಕ್ಕಿಂತ ಮೂರು ಪಟ್ಟು ವೇಗ ಎಂದು ಬರೆದಿತ್ತು. ವಡಾಲದ ಸಂಸ್ಥೆ ಆಸ್ಪತ್ರೆಗಳ ವ್ಯವಹಾರದಿಂದಲೇ ಹಿಂದೆ ಸರಿಯುವ ಸೂಚನೆಗಳಿವೆ, ಪ್ರತಿಕ್ರಿಯೆಗೆ ಆ ಸಂಸ್ಥೆಯವರು ಸಿಗಲಿಲ್ಲ ಎಂದೂ ಇತ್ತು. ನಡುವೆ ಎರಡು ಕಂಬಗಳ ಒಂದು ಗ್ರಾಫ್.

ಆ ಗ್ರಾಫ್ ನಾನು ಮಾಡಿದ್ದು.

ನಮ್ಮ ಕಂಪನಿ ದೊಡ್ಡದಲ್ಲ. ಸಿ.ಟಿ. ಸ್ಕ್ಯಾನ್, ಎಕ್ಸ್‌ರೇ ಚಿತ್ರಗಳನ್ನು ವರ್ಷಗಟ್ಟಲೆ ಜೋಪಾನವಾಗಿ ಇಡುವ, ವೈದ್ಯರು ಕೇಳಿದಾಗ ತೆಗೆದುಕೊಡುವ ಸ್ಟೋರೇಜ್ ಪೆಟ್ಟಿಗೆಗಳನ್ನು ತಯಾರಿಸುತ್ತೇವೆ. ಅವುಗಳ ವೇಗ, ಬಾಳಿಕೆ ಪರೀಕ್ಷಿಸುವ ಲ್ಯಾಬ್ ನನ್ನ ಸುಪರ್ದಿಯಲ್ಲಿದೆ. ಆ ಗ್ರಾಫ್ ಹುಟ್ಟಿದ್ದು ಠಾಣೆಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ. ಅಲ್ಲಿ ವಡಾಲದವರ ಒಂದು ಪೆಟ್ಟಿಗೆ ಏಳು ವರ್ಷಗಳಿಂದ ಓಡುತ್ತಿತ್ತು. ಒಳಗೆ ತಿರುಗುವ ಹಾರ್ಡ್‌ಡಿಸ್ಕ್‌ಗಳು. ನಾನು ಅಳೆಯಲು ಹೋದ ದಿನ ಅವುಗಳಲ್ಲೊಂದು ಸತ್ತಿತ್ತು, ಉಳಿದವು ಅದರ ಭಾರವನ್ನೂ ಹೊತ್ತು ಕುಂಟುತ್ತಿದ್ದವು. ಇದನ್ನು ತೆಗೆದು, ತಿರುಗುವ ಡಿಸ್ಕಿನ ಬದಲು ಚಿಪ್ ಇರುವ ನಮ್ಮ ಹೊಸ ಎಸ್‌ಎಸ್‌ಡಿ ಯಂತ್ರ ಹಾಕಿದರೆ ಎಷ್ಟು ಲಾಭ ಎಂಬುದಷ್ಟೇ ಸೆಂಟರಿನವರ ಪ್ರಶ್ನೆ. ಎರಡು ಕಂಬ ಬರೆದೆ. ಒಂದಕ್ಕೆ 'ಹಳೆಯದು', ಇನ್ನೊಂದಕ್ಕೆ 'ಹೊಸದು' ಎಂದು ಹೆಸರು. ಕೆಳಗೆ ಮೂರು ಸಾಲಿನ ಟಿಪ್ಪಣಿಯಲ್ಲಿ ಯಂತ್ರದ ವಯಸ್ಸು, ಡಿಸ್ಕಿನ ಬಗೆ, ಸತ್ತ ಡಿಸ್ಕಿನ ವಿಷಯ ಎಲ್ಲ ಬರೆದಿದ್ದೆ.

ಹೊಸ ಯಂತ್ರದ ಬಿಡುಗಡೆ ಸಮಾರಂಭ ಪವಾಯಿಯ ಒಂದು ಹೋಟೆಲಿನಲ್ಲಿ ನಡೆಯಿತು. ನಾನು ಹೋಗಿರಲಿಲ್ಲ. ಸ್ಲೈಡ್ ತಯಾರಿಸಿದವರು ಅಕ್ಷರ ತೀರಾ ಸಣ್ಣದಾಯಿತೆಂದು ಟಿಪ್ಪಣಿಯನ್ನು ತೆಗೆದುಹಾಕಿದ್ದರು. 'ಹಳೆಯದು' ಹೋಗಿ 'ಇತರರದು' ಆಗಿತ್ತು. ಮುಂದಿನ ಸ್ಲೈಡಿನಲ್ಲಿ ಠಾಣೆಯ ಸೆಂಟರಿನ ಫೋಟೋ ಇತ್ತು. ಅದರ ಮೂಲೆಯಲ್ಲಿ ವಡಾಲದವರ ಸ್ಟಿಕ್ಕರ್ ಸ್ಪಷ್ಟವಾಗಿ ಕಾಣುತ್ತಿತ್ತು. ಸುದ್ದಿ ಬರೆಯುವವರಿಗೆ ಇಷ್ಟು ಸಾಕಾಯಿತು.

ಆಫೀಸಿನಲ್ಲಿ ಪೇಢೆ ಹಂಚುತ್ತಿದ್ದರು. ನಾನು ಮೂಲ ವರದಿಯ ಪ್ರತಿ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಕಂಪನಿ ಕಟ್ಟಿದವರು ಅವರೇ. ಮೊದಲ ಐದು ಪೆಟ್ಟಿಗೆಗಳನ್ನು ತಮ್ಮ ಕೈಯಿಂದಲೇ ಜೋಡಿಸಿದವರು. ನಮ್ಮ ಮಾತು ಹಿಂದಿಯಲ್ಲಿ. ವರದಿಯನ್ನು ಮುಂದಿಟ್ಟು, ಈ ಟಿಪ್ಪಣಿ ಬಿಟ್ಟುಹೋಗಿದೆ, ಹಾಗಾಗಿ ಪತ್ರಿಕೆಯಲ್ಲಿ ಬಂದ ಹೋಲಿಕೆಯೇ ತಪ್ಪು ಎಂದೆ.

"ಅದು ಅವರು ಬರೆದದ್ದು, ನಾವು ಹೇಳಿದ್ದಲ್ಲ," ಎಂದರು.

"ಗ್ರಾಫ್ ನಮ್ಮದಲ್ಲವಾ?"

"ಗ್ರಾಫಿನಲ್ಲಿ ಯಾರ ಹೆಸರೂ ಇಲ್ಲ. ದೊಡ್ಡ ದೊಡ್ಡ ವಿದೇಶಿ ಕಂಪನಿಗಳ ನಡುವೆ ನಮ್ಮ ಹೆಸರು ಪೇಪರಿನಲ್ಲಿ ಬಂದದ್ದು ಇದೇ ಮೊದಲು. ಎರಡು ದಿನದಲ್ಲಿ ಎಲ್ಲರೂ ಮರೆಯುತ್ತಾರೆ. ಛೋಡೋ ನಾ."

ಅವರ ಮೇಜಿನ ಮೇಲೂ ಒಂದು ಪೇಢೆ ಇತ್ತು. ಅದನ್ನು ನನ್ನ ಕಡೆ ಸರಿಸಿದರು. ನಾನು ತಿಂದೆ. ಹಾಗೆ ಬರೆಯಲು ಈಗ ಸಂಕೋಚವಾಗುತ್ತದೆ, ಆದರೆ ತಿಂದದ್ದು ನಿಜ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ವಡಾಲದಿಂದ ಫೋನ್ ಬಂತು. ಆ ಸಂಸ್ಥೆಯ ಮಾಲೀಕರೇ. ಎರಡು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ನಮ್ಮದು ಅಕ್ಕಪಕ್ಕದ ಮಳಿಗೆಯಾಗಿತ್ತು. ಅವರು ವಿಜಯಪುರದ ಕಡೆಯವರು. ಬಂದರಿನ ಗೋದಾಮುಗಳಲ್ಲಿ ವೈರಿಂಗ್ ಕೆಲಸಕ್ಕೆಂದು ಬಂದು, ಕೆಟ್ಟ ಕಂಪ್ಯೂಟರ್ ರಿಪೇರಿ ಕಲಿತು, ಕೊನೆಗೆ ತಾವೇ ಪೆಟ್ಟಿಗೆ ಮಾಡಲು ಶುರುಮಾಡಿದವರು. ನಾನು ಕನ್ನಡದವಳೆಂದು ತಿಳಿದ ಮೇಲೆ ಆ ನಾಲ್ಕು ದಿನವೂ ನಮ್ಮ ಮಳಿಗೆಗೆ ಚಹಾ ಕಳಿಸಿದ್ದರು.

"ಮೇಡಂರ, ಪೇಪರ್ ಓದಿದ್ರೇನ್ರಿ?"

"ಓದಿದೆ."

"ನಾ ದವಾಖಾನಿ ಧಂಧೆ ಬಿಡಾಕತ್ತೀನಂತ. ನನಗ ಗೊತ್ತಿಲ್ಲ ನೋಡ್ರಿ, ಪೇಪರ್‌ನವರಿಗೆ ಗೊತ್ತೈತಿ." ನಕ್ಕರು, ಆದರೆ ನಗು ಮುಂದುವರಿಯಲಿಲ್ಲ. "ಮುಂಜಾನಿಂದ ಮೂರು ದವಾಖಾನಿಯವರು ಫೋನ್ ಮಾಡ್ಯಾರ. ನೀ ಅಂಗಡಿ ಮುಚ್ಚಿದ ಮ್ಯಾಲ ನಮ್ಮ ಡಬ್ಬಿ ಕೆಟ್ರ ಯಾರು ನೋಡಾವ್ರು ಅಂತ ಕೇಳ್ತಾರ. ಆ ಮೂರು ಪಟ್ಟು ನಮ್ಮ ಯಾವ ಮಷೀನ್ ಮ್ಯಾಲ ನೋಡಿದ್ರಿ, ಅಷ್ಟ ಹೇಳ್ರಿ ನನಗ."

ಗಿರಾಕಿಯ ಜಾಗದಲ್ಲಿ ಮಾಡಿದ ಪರೀಕ್ಷೆ ಅದು. ಫೋನಿನಲ್ಲಿ ಎದುರಾಳಿಗೆ ಬಾಯಿಬಿಡುವ ಹಾಗಿರಲಿಲ್ಲ. "ಅದನ್ನು ನಾನು ಹೀಗೆ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದೆ. "ಆದ್ರೆ ಪೇಪರಿನಲ್ಲಿ ಬಂದದ್ದು ಸರಿ ಇಲ್ಲ. ಅದು ನನಗೆ ಗೊತ್ತುಂಟು."

"ನಿಮಗ ಗೊತ್ತಿದ್ರ ಸಾಕೇನ್ರಿ?" ಎಂದರು. ಸಿಟ್ಟಿನಿಂದಲ್ಲ. ನಿಜವಾಗಿಯೂ ಉತ್ತರ ಬೇಕೆಂಬಂತೆ ಕೇಳಿದರು.

ಅವತ್ತೇ ಸುದ್ದಿ ಬರೆದ ವರದಿಗಾರ್ತಿಯ ನಂಬರ್ ಹುಡುಕಿ ಮಾತಾಡಿದೆ. ಮಾರನೆಯ ದಿನ ಪವಾಯಿಯಲ್ಲೇ ಬೇರೊಂದು ಕೆಲಸವಿದೆ, ಬರುತ್ತೇನೆ ಎಂದಳು. ಕೆರೆ ಎದುರಿನ ರಸ್ತೆಯ ಒಂದು ಕೆಫೆಯಲ್ಲಿ ಕೂತೆವು. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ನಾನು ಮನೆಯವರ ಫೋನಿಗೆ ಕನ್ನಡದಲ್ಲಿ ಉತ್ತರಿಸಿದ್ದನ್ನು ಕೇಳಿ, "ಮಮ್ಮಿ ಕುಂದಾಪುರ ಸೈಡ್. ನನಗೆ ಸಮಝ್ ಆಗ್ತದೆ, ಮಾತಾಡ್ಲಿಕ್ಕೆ ಥೋಡಾ ಕಷ್ಟ," ಎಂದಳು. ನಾನು ಗಂಟಲಲ್ಲಿ ಸಿದ್ಧಮಾಡಿಕೊಂಡು ಹೋಗಿದ್ದ ಬೈಗುಳ ಅಷ್ಟಕ್ಕೇ ಸ್ವಲ್ಪ ಮೆತ್ತಗಾಯಿತು.

ಮೂಲ ಗ್ರಾಫಿನ ಕೆಳಗೆ ಟಿಪ್ಪಣಿ ಇದ್ದುದನ್ನು ಹೇಳಿದೆ. ಹೋಲಿಸಿದ್ದು ವಡಾಲದವರ ಈಗಿನ ಯಂತ್ರವನ್ನಲ್ಲ ಎಂದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ ಫೋನ್ ತೆಗೆದು ನನ್ನ ಮುಂದೆ ಹಿಡಿದಳು.

"ಆಂಟಿ, ನಾನು ಪೂಛಿದ್ದೆ. ನೋಡಿ."

ಸುದ್ದಿ ಕಳಿಸುವ ಮುಂಚೆ ಅವಳು ನಮ್ಮ ಮುಖ್ಯಸ್ಥರಿಗೆ ಸಂದೇಶ ಹಾಕಿದ್ದಳು: ಆ ಎರಡು ಕಂಬಗಳು ನಿಮ್ಮ ಯಂತ್ರ ಮತ್ತು ವಡಾಲದವರ ಯಂತ್ರ ತಾನೇ? ಅದರ ಕೆಳಗೆ ಮುಖ್ಯಸ್ಥರು ಹಾಕಿದ್ದ ಹೆಬ್ಬೆರಳಿನ ಚಿತ್ರ. ವಡಾಲದವರಿಗೂ ಫೋನ್ ಮಾಡಿದ್ದಳಂತೆ, ವೆಬ್‌ಸೈಟಿನಲ್ಲಿದ್ದ ಲ್ಯಾಂಡ್‌ಲೈನಿಗೆ. ಅದು ಯಾವತ್ತೋ ಕಡಿದುಹೋಗಿತ್ತು. ಫೋನ್ ಹೋಗುತ್ತಿಲ್ಲ, ಎದುರಾಳಿಯ ಯಂತ್ರ ನಿಧಾನ. ಈ ಎರಡು ಸೇರಿ, ಸುದ್ದಿ ತಿದ್ದುವ ಡೆಸ್ಕಿನಲ್ಲಿ 'ಹಿಂದೆ ಸರಿಯುವ ಸೂಚನೆ' ಆಗಿತ್ತು. ಆ ಸಾಲು ತನ್ನದಲ್ಲ ಎಂದಳು. ಆದರೆ ಸುದ್ದಿಯ ಮೇಲಿದ್ದದ್ದು ಅವಳ ಹೆಸರು.

"ತಿದ್ದುಪಡಿ ಹಾಕಬಹುದಾ?"

"ಬರಹದಲ್ಲಿ ಯಾರಾದರೂ ಕೊಡ್ಬೇಕು. ಯಾರ ಡೇಟಾ, ಅವರು." ಫೋನ್ ಒಳಗಿಡುತ್ತ ಕೇಳಿದಳು, "ನೀವು ಕೊಡ್ತೀರಾ?"

ನೋಡುವ ಎಂದು ಎದ್ದುಬಂದೆ.

ಕೊಡುವುದೋ ಬಿಡುವುದೋ ಎಂದು ನಾನು ವಾರ ಕಳೆದೆ. ಅಷ್ಟರಲ್ಲಿ ಬೈಕುಲ್ಲಾದ ಒಂದು ಆಸ್ಪತ್ರೆಯಿಂದ ಕರೆ ಬಂತು. ಹಳೆಯ ಟ್ರಸ್ಟ್ ಆಸ್ಪತ್ರೆ, ತನ್ನ ಇಡೀ ಸ್ಕ್ಯಾನ್ ವಿಭಾಗಕ್ಕೆ ಹೊಸ ಸ್ಟೋರೇಜ್ ಕೊಳ್ಳಲು ಹೊರಟಿತ್ತು. ಕೊನೆಯ ಸುತ್ತಿನಲ್ಲಿ ಉಳಿದವರು ಇಬ್ಬರು, ನಾವು ಮತ್ತು ವಡಾಲದವರು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಐವತ್ತು ದಾಟಿದ ಮರಾಠಿ ಹೆಂಗಸು. ಮೃದು ಮಾತು, ಆದರೆ ಕಡತದಲ್ಲಿ ಇಲ್ಲದ್ದು ಅವರ ಪಾಲಿಗೆ ಲೋಕದಲ್ಲೇ ಇಲ್ಲ. ಅವರ ಮೇಜಿನ ಮೇಲಿದ್ದ ಕಡತದಲ್ಲಿ ಆ ಪತ್ರಿಕೆಯ ತುಣುಕನ್ನು ಅಚ್ಚುಕಟ್ಟಾಗಿ ಅಂಟಿಸಿತ್ತು. ನಮ್ಮ ಮಾರಾಟದವರು ಕೊಟ್ಟದ್ದು.

"ನಮ್ಮ ಸಮಿತಿಯ ವೈದ್ಯರಿಗೆ ಇದು ಹಿಡಿಸಿದೆ," ಎಂದು ಒಂದು ಹಾಳೆ ಮುಂದಿಟ್ಟರು. ತಾಂತ್ರಿಕ ದೃಢೀಕರಣ ಪತ್ರ. ಪತ್ರಿಕೆಯಲ್ಲಿ ಬಂದ ವೇಗದ ಹೋಲಿಕೆಯನ್ನು ಪರೀಕ್ಷೆ ನಡೆಸಿದ ಎಂಜಿನಿಯರ್ ಖಚಿತಪಡಿಸಬೇಕು. ಕೆಳಗೆ ನನ್ನ ಹೆಸರು ಆಗಲೇ ಟೈಪಾಗಿತ್ತು. "ಇಲ್ಲೊಂದು ಸಹಿ ಹಾಕಿ."

ಪಕ್ಕದಲ್ಲಿ ನಮ್ಮ ಮಾರಾಟದವನು ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಪೆನ್ ಕೈಯಲ್ಲಿ ಹಿಡಿದ ಮೇಲೆ ನನಗೆ ಎಲ್ಲ ಸರಳವಾಗಿ ಕಂಡಿತು. ಇಷ್ಟು ದಿನ ತಪ್ಪು ಪತ್ರಿಕೆಯದ್ದು, ಸ್ಲೈಡ್ ಮಾಡಿದವರದ್ದು, ಮುಖ್ಯಸ್ಥರ ಹೆಬ್ಬೆರಳಿನದ್ದು. ಸಹಿ ಬಿದ್ದ ಮರುಗಳಿಗೆ ನನ್ನದು.

"ಈ ಹೋಲಿಕೆ ಸರಿಯಲ್ಲ ಮೇಡಂ," ಎಂದೆ. "ನಾನು ಅಳೆದದ್ದು ಏಳು ವರ್ಷದ ಹಳೆ ಯಂತ್ರ. ಅವತ್ತು ಅದರ ಒಂದು ಡಿಸ್ಕೂ ಸತ್ತಿತ್ತು. ಅವರ ಈಗಿನ ಯಂತ್ರವನ್ನು ನಾನು ಮುಟ್ಟಿಯೇ ಇಲ್ಲ."

ಮಾರಾಟದವನು ಮೇಜಿನಡಿಯಲ್ಲಿ ಕಾಲಿನಿಂದ ನನ್ನ ಕಾಲು ತಟ್ಟಿದ. ಮುಖ್ಯಸ್ಥೆ ಕನ್ನಡಕ ತೆಗೆದು ಕಡತದ ಮೇಲಿಟ್ಟರು.

"ಹಾಗಾದರೆ ಯಾವುದು ವೇಗ?"

"ಗೊತ್ತಿಲ್ಲ. ಎರಡನ್ನೂ ಇಲ್ಲಿಗೇ ತರಿಸಿ. ನಿಮ್ಮ ಸ್ಕ್ಯಾನ್‌ಗಳನ್ನೇ ಹಾಕಿ, ನಿಮ್ಮ ಕಣ್ಣ ಮುಂದೆ ಅಳೆಯುವ."

ಹೊರಗೆ ಬಂದ ಮೇಲೆ ಮಾರಾಟದವನು ನನ್ನ ಜೊತೆ ಸ್ಟೇಷನ್ನಿಗೂ ಬರಲಿಲ್ಲ. ಆಫೀಸಿನಲ್ಲಿ ಮುಖ್ಯಸ್ಥರು ಬಾಗಿಲು ಹಾಕಿ ಅರ್ಧ ಗಂಟೆ ಮಾತಾಡಿದರು. ನಾನು ಆ ಹೆಬ್ಬೆರಳಿನ ಮಾತೆತ್ತಿದಾಗ, ಸಮಾರಂಭದ ಗಲಾಟೆಯಲ್ಲಿ ಪೂರ್ತಿ ಓದದೆ ಒತ್ತಿಬಿಟ್ಟೆ ಎಂದರು. ಇರಬಹುದು. ಪತ್ರಿಕೆಗೆ ಕಂಪನಿಯ ಹೆಸರಿನಲ್ಲಿ ಏನೂ ಹೋಗಕೂಡದು ಎಂದರು. ನನ್ನ ಹೆಸರಿನಲ್ಲಿ ಕಳಿಸುತ್ತೇನೆ, ಗಿರಾಕಿಯ ಹೆಸರು ಹೇಳುವುದಿಲ್ಲ, ಗ್ರಾಫ್ ಮಾಡಿದವಳು ನಾನು ಎಂದೆ. ಅವರು ಬೇಡವೆನ್ನಲಿಲ್ಲ. ಅವತ್ತೇ ಒಂದು ಪುಟದ ಪತ್ರ ಬರೆದು ವರದಿಗಾರ್ತಿಗೆ ಕಳಿಸಿದೆ.

ಆಸ್ಪತ್ರೆಯಲ್ಲಿ ಪರೀಕ್ಷೆ ಮೂರು ದಿನ ನಡೆಯಿತು. ನೆಲಮಾಳಿಗೆಯ ಕೋಣೆ, ಎಸಿಯ ಗುಂಯ್ ಸದ್ದು, ಒಂದೇ ಕಪಾಟಿನಲ್ಲಿ ಮೇಲೆ ನಮ್ಮ ಪೆಟ್ಟಿಗೆ, ಕೆಳಗೆ ವಡಾಲದವರದ್ದು. ಅವರು ತಾವೇ ಬಂದಿದ್ದರು, ತೋಳು ಮಡಿಚಿದ ಬಿಳಿ ಅಂಗಿಯಲ್ಲಿ, ಸ್ವಂತ ಸ್ಕ್ರೂಡ್ರೈವರ್ ಹಿಡಿದು. ಷರತ್ತುಗಳನ್ನು ಮುಖ್ಯಸ್ಥೆಯೇ ಬರೆದು ಇಬ್ಬರ ಸಹಿ ಹಾಕಿಸಿದರು: ಎರಡೂ ಯಂತ್ರ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇರಬೇಕು. ಪರೀಕ್ಷೆ ಶುರುವಾದ ಮೇಲೆ ಯಾರೂ ಯಂತ್ರದೊಳಗೆ ಏನನ್ನೂ ಬದಲಿಸುವ ಹಾಗಿಲ್ಲ.

ಮೊದಲ ದಿನ ಪೂರ್ತಿ ವ್ಯರ್ಥವಾಯಿತು. ರೋಗಿಗಳ ಹೆಸರು ಅಳಿಸಿದ ಹಳೆ ಸ್ಕ್ಯಾನ್‌ಗಳ ಒಂದು ಕಟ್ಟು ಕೊಟ್ಟರು. ಅದನ್ನು ಓದಿಸಿದಾಗ ಎರಡೂ ಯಂತ್ರ ನಂಬಲಾಗದಷ್ಟು ವೇಗವಾಗಿ ಉತ್ತರ ಕೊಟ್ಟವು. ಸ್ಟೋರೇಜ್ ಯಂತ್ರದ ಮುಂಭಾಗದಲ್ಲಿ ಕ್ಯಾಶ್ ಎಂಬ ಒಂದು ಚುರುಕಾದ ನೆನಪು ಇರುತ್ತದೆ, ಆಗಷ್ಟೇ ಬಳಸಿದ್ದನ್ನು ಅಲ್ಲೇ ಹಿಡಿದುಕೊಂಡಿರುತ್ತದೆ. ನಮ್ಮ ಕಟ್ಟು ಎಷ್ಟು ಸಣ್ಣದೆಂದರೆ ಪೂರ್ತಿ ಅದರಲ್ಲೇ ಹಿಡಿದಿತ್ತು. ನಾವು ಅಳೆಯುತ್ತಿದ್ದುದು ಡಿಸ್ಕನ್ನೇ ಅಲ್ಲ. ಮಧ್ಯಾಹ್ನ ಐದು ವರ್ಷದ ಸ್ಕ್ಯಾನ್‌ಗಳನ್ನು ತುಂಬಿಸಿ ಮತ್ತೆ ಓಡಿಸಿದೆವು. ಈಗ ನಮ್ಮ ವೇಗ ಅವರದ್ದರ ಕಾಲುಭಾಗಕ್ಕೆ ಇಳಿಯಿತು. ಕೇಬಲ್ ಒಂದೊಂದೇ ಹಿಡಿದು ನೋಡುತ್ತಿರುವಾಗ ವಡಾಲದವರು ಹಿಂದಿನಿಂದ ಹೇಳಿದರು, "ಮೇಡಂರ, ನಿಮ್ಮ ವೈರ್ ಹಳೇ ಸ್ವಿಚ್ಚಿಗೆ ಹೋಗೈತಿ ನೋಡ್ರಿ. ನನ್ನದು ಹೊಸಾದಕ್ಕ ಐತಿ." ಅವರು ಹೇಳಿದ್ದು ಸರಿಯಾಗಿತ್ತು, ಯಂತ್ರಗಳನ್ನು ಕಂಪ್ಯೂಟರುಗಳಿಗೆ ಜೋಡಿಸುವ ಆ ಹಳೆ ಸ್ವಿಚ್ಚೇ ನಮ್ಮ ವೇಗವನ್ನು ಕಟ್ಟಿಹಾಕಿತ್ತು. ಅವರು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಇನ್ನೂ ಎರಡು ತಾಸು ಬೇಕಾಗುತ್ತಿತ್ತು. ಅಥವಾ ಆ ದೋಷ ಸಿಗುತ್ತಲೇ ಇರಲಿಲ್ಲ.

ಎರಡನೆಯ ದಿನ ಅಂಕಿ ಸ್ಥಿರವಾಗಿ ನಿಂತಿತು. ಎರಡು ಸ್ಕ್ಯಾನ್ ಯಂತ್ರಗಳು ಬರೆಯುತ್ತಿದ್ದಂತೆ ಹತ್ತು ಕಂಪ್ಯೂಟರುಗಳಲ್ಲಿ ವೈದ್ಯರು ಹಳೆ ಚಿತ್ರ ತೆರೆಯುವ ಪರೀಕ್ಷೆ. ನಮ್ಮದೇ ವೇಗ. ಮೂರು ಪಟ್ಟಲ್ಲ, ಒಂದೂಕಾಲು ಪಟ್ಟಿನಷ್ಟು. ಮೂರು ಸಲ ಓಡಿಸಿದರೂ ಅಷ್ಟೇ. ವಡಾಲದವರು ತಮ್ಮ ಡೈರಿಯಲ್ಲಿ ಬರೆದುಕೊಂಡು, "ಇಷ್ಟು ಇರತೈತಿ ಬಿಡ್ರಿ, ನಿಮ್ಮ ಚಿಪ್ ಹೊಸಾದು," ಎಂದರು.

ಮೂರನೆಯ ದಿನದ ಪರೀಕ್ಷೆ ಮುಖ್ಯಸ್ಥೆಯ ಯೋಚನೆ. ಓಡುತ್ತಿರುವ ಯಂತ್ರದಿಂದ ಒಂದು ಡಿಸ್ಕ್ ಎಳೆದು ಹೊಸದನ್ನು ತೂರಿಸುವುದು. ಯಂತ್ರ ಕಳೆದುಹೋದದ್ದನ್ನು ಉಳಿದ ಡಿಸ್ಕ್‌ಗಳಿಂದ ಲೆಕ್ಕಹಾಕಿ ಹೊಸದಕ್ಕೆ ಬರೆಯಬೇಕು. ಇಬ್ಬರದ್ದನ್ನೂ ಅವರೇ ಎಳೆದರು. ನಮ್ಮ ಪೆಟ್ಟಿಗೆ ಆ ಕೆಲಸಕ್ಕೆ ಮೈಯೆಲ್ಲ ಕೊಟ್ಟು ನಿಂತಿತು. ಮೂರು ಸೆಕೆಂಡಿನಲ್ಲಿ ತೆರೆಯುತ್ತಿದ್ದ ಸ್ಕ್ಯಾನ್ ಅರ್ಧ ನಿಮಿಷ ದಾಟಿತು. ವಡಾಲದವರದ್ದು ಡಿಸ್ಕ್ ತುಂಬಿಸುವುದನ್ನು ನಿಧಾನಕ್ಕೆ ಬಿಟ್ಟು ಚಿತ್ರಗಳನ್ನು ಮೊದಲಿನಂತೆಯೇ ಕೊಡುತ್ತ ಹೋಯಿತು.

ಹೊರಗಿನ ಕಾರಿಡಾರಿಗೆ ಬಂದು ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅದು ಒಂದು ಸೆಟ್ಟಿಂಗ್ ಅಷ್ಟೇ, ಲ್ಯಾಪ್‌ಟಾಪಿನಿಂದ ಬದಲಿಸಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಸೆಟ್ಟಿಂಗ್ ಎಂಬುದು ನಿಜ. ಹತ್ತು ಸೆಕೆಂಡಿನ ಕೆಲಸ. ಒಳಗೆ ಹೋಗಿ, ಇದನ್ನು ಬದಲಿಸಿದರೆ ಸರಿಹೋಗಬಹುದು, ಬದಲಿಸಲಾ ಎಂದು ಎಲ್ಲರ ಮುಂದೆಯೇ ಕೇಳಿದೆ.

"ನೀವು ಮಾರುವ ಪೆಟ್ಟಿಗೆಯಲ್ಲಿ ಅದು ಹೇಗಿರುತ್ತದೆ?" ಎಂದರು ಮುಖ್ಯಸ್ಥೆ.

"ಈಗ ಇರುವ ಹಾಗೇ."

"ಹಾಗಾದರೆ ಇರಲಿ."

ಆಸ್ಪತ್ರೆ ವಡಾಲದವರಿಂದ ಕೊಂಡಿತು. ಡಿಸ್ಕ್ ಸತ್ತ ದಿನ ಅಪಘಾತದ ರೋಗಿ ಬಂದರೆ ವೈದ್ಯರು ಅರ್ಧ ನಿಮಿಷ ಪರದೆ ನೋಡುತ್ತ ಕೂರುವ ಹಾಗಿಲ್ಲ ಎಂದು ಕಾರಣ ಬರೆದಿದ್ದರು. ನಾವು ಆ ಸೆಟ್ಟಿಂಗನ್ನು ಕಾರ್ಖಾನೆಯಲ್ಲೇ ಬದಲಿಸಿದೆವು. ಆಗಲೇ ಮಾರಿದ್ದ ಪೆಟ್ಟಿಗೆಗಳಿಗೂ ಹೊಸ ತಂತ್ರಾಂಶ ಕಳಿಸಲು ಒಂದೂವರೆ ತಿಂಗಳು ಬೇಕಾಯಿತು. ಮಾರಾಟದವರು ಗಿರಾಕಿಗಳ ಸಭೆಗೆ ನನ್ನನ್ನು ಕರೆಯುವುದನ್ನು ನಿಲ್ಲಿಸಿದರು. ಮಧ್ಯಾಹ್ನ ಊಟಕ್ಕೆ ನನ್ನ ಮೇಜಿಗೆ ಬರುತ್ತಿದ್ದವರು ಬೇರೆ ಮೇಜು ಹಿಡಿದರು. ಕೆಲವು ವಾರ ಅದು ಚುಚ್ಚಿತು.

ಆಮೇಲೆ, ಅಷ್ಟು ತಡವಾಗಿ, ಪತ್ರಿಕೆಯ ತಿದ್ದುಪಡಿ ಬಂತು. ಒಳಪುಟದ ಮೂಲೆಯಲ್ಲಿ, ಬೆರಳುದ್ದ. ವಡಾಲದ ಸಂಸ್ಥೆ ಆಸ್ಪತ್ರೆಗಳ ವ್ಯವಹಾರದಲ್ಲಿ ಮುಂದುವರಿದಿದೆ ಎಂದಿತ್ತು. ಅದು ಸರಿ. ಮುಂದಿನ ಸಾಲು: ಪವಾಯಿಯ ಕಂಪನಿಯ ಯಂತ್ರ ಮೂರು ಪಟ್ಟು ವೇಗವೆಂದು ಪ್ರಕಟವಾಗಿತ್ತು, ವಾಸ್ತವವಾಗಿ ವಡಾಲದ ಸಂಸ್ಥೆಯ ಯಂತ್ರವೇ ಅದಕ್ಕಿಂತ ಬಹಳ ವೇಗದ್ದು, ವಿಷಾದಿಸುತ್ತೇವೆ.

ಎರಡು ಸಲ ಓದಿದೆ. ನಾನು ಕಳಿಸಿದ್ದ ಪತ್ರ ತೆಗೆದು ನೋಡಿದೆ. ಮೂರನೆಯ ಪರಿಚ್ಛೇದದಲ್ಲಿ ನಾನೇ ಬರೆದಿದ್ದೆ: ಪರೀಕ್ಷಿಸಿದ್ದು ಹಳೆಯ ಯಂತ್ರ, ಪ್ರಕಟಿತ ವಿವರದಂತೆ ಆ ಸಂಸ್ಥೆಯ ಈಗಿನ ಯಂತ್ರ ಅದಕ್ಕಿಂತ ಬಹಳ ವೇಗದ್ದು. ನನ್ನ 'ಅದು' ವಡಾಲದವರ ಹಳೆ ಯಂತ್ರ. ಒಂದು ಪುಟವನ್ನು ಬೆರಳುದ್ದ ಮಾಡಿದವರ ಕೈಯಲ್ಲಿ ಅದು ನಮ್ಮ ಹೊಸ ಯಂತ್ರವಾಗಿತ್ತು. ಒಂದು ಸುಳ್ಳು ಹೋಗಿ ಅದರ ಜಾಗಕ್ಕೆ ತದ್ವಿರುದ್ಧ ಸುಳ್ಳು ಬಂದು ಕೂತಿತ್ತು. ಈ ಸಲ ಅದು ಹೊರಟದ್ದು ನನ್ನ ವಾಕ್ಯದಿಂದ.

ಮುಖ್ಯಸ್ಥರು ಪತ್ರಿಕೆ ಹಿಡಿದು ಲ್ಯಾಬಿಗೇ ಬಂದರು. ಕೂಗಾಡಲಿಲ್ಲ. "ಈಗ ಸಮಾಧಾನವಾಯಿತಾ?" ಎಂದಷ್ಟೇ ಕೇಳಿ ಹೋದರು. ಮತ್ತೊಂದು ಪತ್ರ ಬರೆಯಲು ಕೂತೆ. ಆದರೆ ಯಾರು ನಂಬುತ್ತಾರೆ? ತಿದ್ದುಪಡಿಗೆ ತಿದ್ದುಪಡಿ, ಅದೂ ಈಗ ಸೋತ ಕಂಪನಿಯವಳಿಂದ. ಎರಡು ಸಾಲು ಬರೆದು ಅಳಿಸಿದೆ.

ಅಷ್ಟರಲ್ಲಿ ವಡಾಲದಿಂದ ಫೋನ್ ಬಂತು.

"ನೋಡಿದ್ರೇನ್ರಿ ಮೇಡಂರ? ನಮ್ಮ ಹುಡುಗರು ಅದಕ್ಕ ಫ್ರೇಮ್ ಹಾಕ್ಸೂಣು ಅನ್ನಾಕತ್ತಾರ."

"ತಪ್ಪು ನನ್ನದು," ಎಂದೆ. "ನಾನು ಬರೆದದ್ದೇ ಸರಿ ಇರ್ಲಿಲ್ಲ. ಇನ್ನೊಂದು ಪತ್ರ ಬರಿಯುವ ಅಂತ ಕೂತಿದ್ದೇನೆ."

"ನೀವು ಬರಿಬ್ಯಾಡ್ರಿ. ನೀವು ಬರದ್ರ ಹೊಟ್ಟಿಕಿಚ್ಚು ಅಂತಾರ. ಈ ಸಲ ನಾ ಬರೀತೀನಿ."

"ನಿಮಗೆ ಅದರಿಂದ ಲುಕ್ಸಾನಲ್ವಾ?" ಎಂದು ಕೇಳಿದೆ.

"ಏನ್ ಲುಕ್ಸಾನ್ರಿ? ನಾಳೆ ಯಾರರ ಪೇಪರ್ ನಂಬಿ ನನ್ನ ಡಬ್ಬಿ ತಗೊಂಡು, ಎಲ್ಲೈತಿ ನಿನ್ನ ವೇಗ ಅಂತ ನನ್ನ ಬಾಗಲಿಗೇ ಬರ್ತಾರ. ಅಳದಾಗ ನಾನೂ ಅಲ್ಲೇ ನಿಂತಿದ್ನಲ್ಲ. ಡೈರಿಯಾಗ ಬರಕೊಂಡೀನಿ." ದನಿ ತಗ್ಗಿಸಿ, "ಖರೆ ಇಂಗ್ಲಿಷ್ ನನಗ ಅಷ್ಟಕ್ಕಷ್ಟ. ಒಂದೀಟು ಕುಂದ್ರತೀರೇನ್ರಿ?" ಎಂದರು.

ಶನಿವಾರ ವಡಾಲದ ಅವರ ವರ್ಕ್‌ಶಾಪಿನಲ್ಲಿ ಕೂತೆವು. ಬಿಚ್ಚಿಟ್ಟ ಪೆಟ್ಟಿಗೆಗಳ ನಡುವೆ ಎರಡು ಸ್ಟೂಲ್. ಅವರು ಡೈರಿ ನೋಡಿ ಹೇಳಿದರು, ನಾನು ಟೈಪ್ ಮಾಡಿದೆ. 'ಅದು', 'ಅದಕ್ಕಿಂತ' ಎಂಬ ಮಾತು ಎಲ್ಲಿ ಬಂದರೂ ಕಿತ್ತುಹಾಕಿ ಯಂತ್ರದ ಪೂರ್ತಿ ಹೆಸರನ್ನೇ ಬರೆದೆವು. ಓದಲು ಮಕ್ಕಳ ಕಾಪಿಪುಸ್ತಕದ ಹಾಗಿತ್ತು. ಸಾಮಾನ್ಯ ಕೆಲಸದಲ್ಲಿ ಪವಾಯಿಯವರ ಯಂತ್ರ ಹೆಚ್ಚು ವೇಗ, ಡಿಸ್ಕ್ ಕೆಟ್ಟಾಗ ವಡಾಲದವರ ಯಂತ್ರ ಹೆಚ್ಚು ನಂಬಿಕಸ್ತ, ಪವಾಯಿಯವರು ಆ ದೋಷವನ್ನು ಈಚೆಗೆ ಸರಿಪಡಿಸಿದ್ದಾರೆ. ಕೊನೆಯ ಮಾತನ್ನು ಸೇರಿಸಿದ್ದು ಅವರೇ. ನಾನು ಬೇಡವೆಂದೆ, ಅವರು ಕೇಳಲಿಲ್ಲ.

ಆ ಪತ್ರ ಅವರ ಸಹಿಯೊಂದಿಗೆ ಪ್ರಕಟವಾಯಿತು. ವರದಿಗಾರ್ತಿ ಡೆಸ್ಕಿನಲ್ಲಿ ಪಕ್ಕದಲ್ಲೇ ನಿಂತು, ಒಂದು ಪದವೂ ಮೊಟಕಾಗದಂತೆ ನೋಡಿಕೊಂಡಳಂತೆ. ಅವತ್ತು ಮುಖ್ಯಸ್ಥರು ಪತ್ರಿಕೆಯನ್ನು ತಮ್ಮ ಮೇಜಿನ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದರು ಎಂದು ಅವರ ಸಹಾಯಕಿ ಹೇಳಿದಳು.

ಆದರೆ ಮೊದಲ ಸುದ್ದಿ ಈಗಲೂ ಇಂಟರ್ನೆಟ್ಟಿನಲ್ಲಿದೆ, ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬರುವುದು ಅದೇ. ಆಗಾಗ ಯಾರಾದರೂ ಓದಿ ಆಫೀಸಿಗೆ ಫೋನ್ ಮಾಡಿ, ಆ ಮೂರು ಪಟ್ಟು ವೇಗದ ಯಂತ್ರ ಬೇಕು ಎನ್ನುತ್ತಾರೆ. ಮೊದಲು ಆ ಕರೆಗಳು ನೇರ ಮಾರಾಟದವರಿಗೆ ಹೋಗುತ್ತಿದ್ದವು. ಈಗ ಅವನ್ನೆಲ್ಲ ಲ್ಯಾಬಿಗೆ ಕೊಡಬೇಕೆಂದು ಮುಖ್ಯಸ್ಥರು ಸ್ವಾಗತಕಾರಿಣಿಗೆ ಹೇಳಿಟ್ಟಿದ್ದಾರೆ. ನಾನು ಫೋನ್ ಎತ್ತಿ, ಈಗ ನಿಮ್ಮಲ್ಲಿರುವ ಯಂತ್ರ ಎಷ್ಟು ವರ್ಷದ್ದು ಎಂದು ಮೊದಲು ಕೇಳುತ್ತೇನೆ.